ಮಗು ತೋರಿಸಿದ ದುಡ್ಡು

ಆಯಮ್ಮ ಹೋದ ಸುದ್ದಿಯನ್ನು ನನಗೆ ಹೇಳಿದವರು ನಮ್ಮ ಆಸ್ಪತ್ರೆಯ ಹಳೆಯ ಕಾಂಪೌಂಡರು, ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ. "ಗೊತ್ತಾಯ್ತಾ ಮಾರಾಯ್ರೆ? ಆಯಮ್ಮ ತೀರ್ಕಂಡ್ರಂತೆ. ಹೋದ ತಿಂಗಳೇ." ಅವರು ಚೀಲವನ್ನು ಭುಜಕ್ಕೇರಿಸಿಕೊಂಡು, "ದುಡ್ಡಿನ ವಿಷ್ಯ ಒಂದು ಬಿಟ್ರೆ ಬಂಗಾರದಂಥ ಹೆಂಗಸು" ಎಂದರು. ಅಷ್ಟರಲ್ಲಿ ಶೃಂಗೇರಿ ಬಸ್ಸು ಬಂತು. ಹತ್ತಿಕೊಂಡು ಹೋದರು.

ಆ 'ಒಂದು ಬಿಟ್ರೆ' ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನನ್ನ ಮಟ್ಟಿಗೆ ಆಯಮ್ಮ ಎಂದರೆ ಆ ದುಡ್ಡಿನ ವಿಷಯವೇ. ಅದನ್ನು ತೆಗೆದುಹಾಕಿದರೆ ನನ್ನಲ್ಲಿ ಉಳಿಯುವುದು ಒಂದು ಎಲೆ‌ಅಡಿಕೆ ಸಂಚಿ, ಒಂದು ಒರಟು ಗಂಟಲು, ಫಿನಾಯಿಲ್ ವಾಸನೆ, ಅಷ್ಟೆ. ಕಾಂಪೌಂಡರಿಗೆ ಅಲ್ಲೇ ಉತ್ತರ ಕೊಡಬೇಕಿತ್ತು. ಉತ್ತರ ನನ್ನ ಹತ್ತಿರ ಇತ್ತೇ ಎಂದು ಕೇಳಿಕೊಂಡರೆ, ಅದೂ ಅನುಮಾನವೇ. ನನಗೆ ಅನುಮಾನಪಡುವುದೊಂದು ಚೆನ್ನಾಗಿ ಬರುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ಊರುಗಳ ನಡುವೆ ಎಲ್ಲೋ ಒಂದು ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆ ಇತ್ತು ಎಂದಿಟ್ಟುಕೊಳ್ಳಿ. ಈಗ ಇಲ್ಲ. ಡಾಕ್ಟರು ಕಟ್ಟಡ ಮಾರಿ ಮಗಳ ಊರಿಗೆ ಹೋದರು. ಎರಡು ಸಾವಿರದ ಇಸವಿಯ ನಂತರದ ಕೆಲವು ವರ್ಷ ನಾನು ಅಲ್ಲಿ ಮುಂದಿನ ಮೇಜಿನಲ್ಲಿ ಕೂತು ಹೆಸರು ಬರೆದುಕೊಂಡು, ಬಿಲ್ಲು ಮಾಡಿಕೊಂಡಿದ್ದೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಬೇರೆ ಎಲ್ಲೂ ಕೆಲಸ ಇರಲಿಲ್ಲ. "ಎಂತ ಓದಿದ್ದು ನೀವು?" ಎಂದು ಆಯಮ್ಮ ಮೊದಲ ದಿನವೇ ಕೇಳಿದರು. ಹೇಳಿದೆ. "ಹಂಗಂದ್ರೆ ಎಂತ?" ಯಾವುದು ಸರಿ, ಯಾವುದು ತಪ್ಪು, ಯಾಕೆ ತಪ್ಪು, ಇಂಥದ್ದೆಲ್ಲ ಇರುತ್ತದೆ ಎಂದೆ. "ಅದಕ್ಕೆ ಅಷ್ಟು ವರ್ಷ ಬೇಕಾಯ್ತಾ?" ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು.

ನನ್ನ ಮೇಜಿನ ಪಕ್ಕದಲ್ಲೇ ಕಾಯಿನ್ ಬಾಕ್ಸ್ ಫೋನಿತ್ತು. ಒಂದು ರೂಪಾಯಿ ಹಾಕಿ ಮಾತಾಡುವುದು. ಎಲ್ಲರ ಕೈಯಲ್ಲೂ ಮೊಬೈಲು ಬಂದಿರದ ಕಾಲ. ಮೊಬೈಲು ಇದ್ದವರಿಗೂ ನಮ್ಮ ಕಡೆ ಸಿಗ್ನಲ್ ಸಿಗುತ್ತಿರಲಿಲ್ಲ. ಹೆರಿಗೆಯಾದ ಮೇಲೆ ಮನೆಯವರು ಬಂದು ಅಲ್ಲೇ ನಿಂತು ಊರಿಗೆ ಸುದ್ದಿ ಹೇಳುತ್ತಿದ್ದರು. ಕೇಳಿ ಕೇಳಿ ನನಗೆ ಮೊದಲ ಮಾತಿನಲ್ಲೇ ಗೊತ್ತಾಗಿಬಿಡುತ್ತಿತ್ತು. ಗಂಡಾದರೆ ಅದೇ ಮೊದಲ ಮಾತು: "ಗಂಡು, ಗಂಡು!" ಹೆಣ್ಣಾದರೆ ಮೊದಲ ಮಾತು, "ಹೂಂ, ತಾಯಿ ಮಗು ಇಬ್ರೂ ಹುಷಾರು." ಆಚೆಯಿಂದ ಮತ್ತೆ ಕೇಳಿದ ಮೇಲೆ, ಸ್ವಲ್ಪ ತಡೆದು, "ಹೆಣ್ಣು." ಗಂಡು ಹೆತ್ತವಳು ಹುಷಾರಿದ್ದಾಳೋ ಇಲ್ಲವೋ ಎಂದು ಫೋನಿನಲ್ಲಿ ಹೇಳಿದವರು ಇರಲಿಲ್ಲವೆಂದೇ ನನ್ನ ನೆನಪು. ಇದ್ದಿರಬಹುದು. ನನ್ನ ತಲೆ ತನಗೆ ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳುವ ಜಾತಿಯದು.

ಹೆರಿಗೆ ಕೋಣೆಯ ಬಾಗಿಲಲ್ಲಿ ನಡೆಯುತ್ತಿದ್ದ ಪದ್ಧತಿ ಹೀಗಿತ್ತು. ಮಗುವನ್ನು ಮನೆಯಿಂದ ತಂದ ಹಳೆಯ ಮೆತ್ತನೆ ಸೀರೆಯ ತುಂಡಿನಲ್ಲಿ ಸುತ್ತಿ ಆಯಾ ಹೊರಗೆ ತರುತ್ತಾಳೆ. ಹೊಸ ಬಟ್ಟೆ ಮೊದಲೇ ಹಾಕಬಾರದು. ಬಾಗಿಲ ಹೊಸ್ತಿಲಲ್ಲಿ ನಿಂತು ತೋರಿಸುತ್ತಾಳೆ. ಮನೆಯವರು ಬರಿಗೈಯಲ್ಲಿ ಮಗು ತೆಗೆದುಕೊಳ್ಳುವುದಿಲ್ಲ. ಏನಾದರೂ ಕೊಟ್ಟು ತೆಗೆದುಕೊಳ್ಳುತ್ತಾರೆ. ಇದಕ್ಕೆ 'ಮಗು ತೋರಿಸಿದ ದುಡ್ಡು' ಎಂದು ಹೆಸರು. ಗಂಡಾದರೆ ನೂರರ ನೋಟುಗಳು, ಪೇಡದ ಡಬ್ಬಿ. ಹೆಣ್ಣಾದರೆ ಹತ್ತೋ ಇಪ್ಪತ್ತೋ, ಅದೂ ಯಾರಾದರೂ ನೆನಪಿಸಿದರೆ.

ಆಸ್ಪತ್ರೆಯಲ್ಲಿ ಇನ್ನೊಬ್ಬ ಆಯಾ ಇದ್ದಳು, ವಯಸ್ಸಿನಲ್ಲಿ ಚಿಕ್ಕವಳು, ಎಲ್ಲರಿಗೂ ಬೇಕಾದವಳು. ಅವಳು ಗಂಡು ಮಗುವಿಗೆ ಜಗಳವಾಡಿ ವಸೂಲು ಮಾಡುತ್ತಿದ್ದಳು, ಅದೂ ನಗುನಗುತ್ತ. ಹೆಣ್ಣಾದರೆ ಕೈ ಚಾಚುತ್ತಲೇ ಇರಲಿಲ್ಲ. ಯಾರಾದರೂ ಕೊಡಲು ಬಂದರೂ, "ಬಿಡಿ ಪಾಪ, ಹೆಣ್ಣಲ್ವಾ" ಎನ್ನುತ್ತಿದ್ದಳು. ಅವಳದು ದೊಡ್ಡ ಮನಸ್ಸು ಎಂದು ಎಲ್ಲರೂ ಹೇಳುತ್ತಿದ್ದರು. ಡಾಕ್ಟರೂ ಹೇಳುತ್ತಿದ್ದರು. ಮೊದಲು ನಾನೂ ಹಾಗೇ ತಿಳಿದಿದ್ದೆ.

ಆಯಮ್ಮನಿಗೆ ಆ 'ಪಾಪ'ವನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಬಾಗಿಲ ಮರೆಯಲ್ಲಿ ಆ ಹುಡುಗಿಯನ್ನು ತರಾಟೆಗೆ ತೆಗೆದುಕೊಂಡದ್ದು ನನ್ನ ಕಿವಿಗೆ ಬಿತ್ತು. "ಪಾಪ ಅಂತೆ ಪಾಪ. ಎಂತ ಸತ್ತು ಹುಟ್ಟಿದ್ಯಾ ಅದು? ಕಣ್ಣು ಬಿಡೋಕೆ ಮೊದ್ಲೇ ಮಾಫಿ ಮಾಡಿ ಕಳಿಸ್ತೀಯಲ್ಲೇ!"

"ನಿಂಗೆ ದುಡ್ಡಿನ ಆಸೆ ಆಯಮ್ಮ. ಸುಮ್ನೆ ನನ್ನ ಮೇಲೆ ಹಾರಾಡ್ಬೇಡ" ಎಂದಳು ಅವಳು.

"ಹೌದು, ಆಸೆ. ಎಂತ ಈಗ?"

ಅವರು ಹೆಣ್ಣು ಮಗುವನ್ನು ಹೊರಗೆ ತರುವ ರೀತಿಯೇ ಬೇರೆಯಾಗಿತ್ತು. ಎಡಗೈಯಲ್ಲಿ ಮಗು. ಬಲಗೈಯಲ್ಲಿ ಸೆರಗಿನ ತುದಿಯನ್ನು ಮಡಿಲಕ್ಕಿಗೆ ಒಡ್ಡುವ ಹಾಗೆ ಅಗಲ ಮಾಡಿ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಲ್ಲುತ್ತಿದ್ದರು. "ಮಗಳು ಬಂದಾಳೆ. ಎಂತ ಕೊಡ್ತೀರಿ?" ಧ್ವನಿ ಇಡೀ ವರಾಂಡಕ್ಕೆ ಕೇಳುತ್ತಿತ್ತು. ಮುಖ ತಗ್ಗಿಸಿ ನಿಂತ ಗಂಡಸರು ಇನ್ನಷ್ಟು ತಗ್ಗಿಸುತ್ತಿದ್ದರು. ಆಯಮ್ಮ ಅಲ್ಲಾಡುತ್ತಿರಲಿಲ್ಲ. ಯಾರಾದರೂ ಸೆರಗಿಗೆ ನೋಟು ಹಾಕುವವರೆಗೆ ಮಗು ಅವರ ಕೈ ಬಿಡುತ್ತಿರಲಿಲ್ಲ.

ಕಿಗ್ಗದ ಕಡೆಯ ಒಬ್ಬ ಅಜ್ಜಿ ನೆನಪಿದ್ದಾರೆ. ಶೃಂಗೇರಿ ಮಠದ ಒಡನಾಟದ, ತೋಟ ಇದ್ದ ಮನೆಯವರು. ಸೊಸೆಯ ಮೊದಲ ಹೆರಿಗೆ. ಅಜ್ಜಿ ಸೆರಗಿನಲ್ಲಿ ಎರಡು ಗಂಟು ಹಾಕಿಕೊಂಡು ಬಂದಿದ್ದರು. ಗಂಡಾದರೆ ಬಿಚ್ಚುವುದೊಂದು, ಹೆಣ್ಣಾದರೆ ಬಿಚ್ಚುವುದೊಂದು. ಆಯಮ್ಮ ಹೊಸ್ತಿಲಲ್ಲಿ ನಿಂತು "ಮಗಳು" ಎಂದಾಗ ಅಜ್ಜಿ ಚಿಕ್ಕ ಗಂಟಿಗೆ ಕೈ ಹಾಕಿದರು.

"ಅಮ್ಮಾ, ಆ ದೊಡ್ಡ ಗಂಟು ಯಾರಿಗೆ ಕಟ್ಟಿದ್ದು?" ಎಂದರು ಆಯಮ್ಮ.

"ನಿಂದು ಹದ್ದಿನ ಕಣ್ಣು ಕಣೇ! ಅದು ಮಾಣಿ ಹುಟ್ಟಿದ್ರೆ ಅಂತ..."

"ಮಾಣಿ ಬರ್ಲಿಲ್ಲ. ಬಂದೋರಿಗೆ ಕೊಡಿ. ಬರದೇ ಇರೋನಿಗೆ ಎಂತಕ್ಕೆ ಕಟ್ಕಂಡು ಕೂತ್ಕತ್ತೀರಿ?"

ವರಾಂಡದಲ್ಲಿದ್ದವರೆಲ್ಲ ನಕ್ಕರು. ಅಜ್ಜಿಯೂ ನಕ್ಕರು. ದೊಡ್ಡ ಗಂಟು ಬಿಚ್ಚಿ, ನೋಟನ್ನು ಆಯಮ್ಮನ ಸೆರಗಿಗೆ ಹಾಕಿ, ಮಗುವನ್ನು ತೆಗೆದುಕೊಂಡರು. ಆಮೇಲೆ ಅವರ ಮುಖ ಬದಲಾಯಿತು ಎಂದು ನನಗೆ ಅನ್ನಿಸಿತು. ದುಡ್ಡು ಕೊಟ್ಟು ತೆಗೆದುಕೊಂಡ ವಸ್ತುವನ್ನು ನೋಡುವ ಹಾಗೆ ನೋಡಿದರು ಎಂದರೆ ಒರಟಾಗುತ್ತದೆ, ಆದರೆ ಹಾಗೇ. ಬೆರಳು ಬಿಡಿಸಿ ನೋಡಿದರು, ಕಿವಿ ನೋಡಿದರು, "ಬಣ್ಣ ನಮ್ಮ ಕಡೇದೇ" ಎಂದರು. ಸಂಜೆ ಯಾರನ್ನೋ ಕಳಿಸಿ ಸಕ್ಕರೆ ತರಿಸಿ ಹಂಚಿದರು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಸಿದ್ಧಾಂತ ಬೆಳೆಯತೊಡಗಿತು. ಆಯಮ್ಮ ಗಂಡು ಮಕ್ಕಳ ದುಡ್ಡು ಮುಟ್ಟುವುದಿಲ್ಲ, ಹೆಣ್ಣು ಮಕ್ಕಳದ್ದನ್ನು ಬಿಡುವುದಿಲ್ಲ. ಬೇರೆಯವರೆಲ್ಲ ಮಾಡುವುದರ ಉಲ್ಟಾ. ಗಂಡು ಮಗುವಿನ ಮನೆಯವರು ನೋಟು ಹಿಡಿದುಕೊಂಡು ಬಂದಾಗ ಅವರು, "ನಂಗೆ ಬ್ಯಾಡ, ಪೇಡ ಹಂಚಿ ಸಾಕು" ಎಂದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೆ ಎಷ್ಟು ಸಲ? ಒಂದೆರಡು ಸಲ ನೋಡಿದ್ದನ್ನು ನಾನು ನಿಯಮ ಮಾಡಿಕೊಂಡೆನೋ ಏನೋ. ಕಾಂಪೌಂಡರ ಪ್ರಕಾರ ಅವರು ಎಲ್ಲರ ಹತ್ತಿರವೂ ತೆಗೆದುಕೊಳ್ಳುತ್ತಿದ್ದರು. ಕಾಂಪೌಂಡರು ಸುಳ್ಳು ಹೇಳುವವರಲ್ಲ. ಒಳ್ಳೆಯವರೊಬ್ಬರು ಆ ಕಟ್ಟಡದಲ್ಲಿ ಇರಲೇಬೇಕು ಎಂಬ ಹಟ ನನಗಿತ್ತು. ಮೇಜಿನ ಹಿಂದೆ ಕೂತು ಕೊಳೆಯುತ್ತಿದ್ದವನಿಗೆ ಅದೊಂದು ಆಸರೆ.

ಸುಲಭದ ವಿವರಣೆಯೂ ಸಿಗುವುದಿಲ್ಲ. ಹೆಣ್ಣು ಮಗಳೊಬ್ಬಳನ್ನು ಕಳೆದುಕೊಂಡ ಕಥೆಯೇನೂ ಅವರ ಹಿಂದೆ ಇರಲಿಲ್ಲ. ಮೆಣಸೆಯ ಹತ್ತಿರ ಹುಟ್ಟಿದ ಮನೆ. ಗಂಡ ಟೈಲರು. ಇಬ್ಬರು ಗಂಡು ಮಕ್ಕಳು, ಇಬ್ಬರೂ ಚೆನ್ನಾಗಿದ್ದರು. ಅಷ್ಟೇನೂ ಮೃದುವಾದ ಹೆಂಗಸೂ ಅಲ್ಲ. ನೋವು ತಿನ್ನುತ್ತಿದ್ದ ಬಸುರಿಯರನ್ನು "ಕೂಗಬ್ಯಾಡ, ಕೂಗಿದ್ರೆ ಕೂಸು ಬೇಗ ಬರ್ತದಾ?" ಎಂದು ಗದರುತ್ತಿದ್ದರು. ಎಷ್ಟೋ ಜನ ಅವರನ್ನು ಕಂಡರೆ ಹೆದರುತ್ತಿದ್ದರು.

ಒಮ್ಮೆ ಕೇಳಿಯೇಬಿಟ್ಟೆ. ಮಧ್ಯಾಹ್ನ, ಜನ ಇಲ್ಲದ ಹೊತ್ತು. ಅವರು ನನ್ನ ಮೇಜಿನ ಹತ್ತಿರ ನೆಲದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೆಲಸ ಆದ ಮೇಲೆ, ಕೊಡುವವರು ತಾವಾಗಿ ಕೊಟ್ಟರೆ ಅದು ಉಡುಗೊರೆ. ಕೇಳಿ ತೆಗೆದುಕೊಂಡರೆ ಲಂಚವಾಗುತ್ತದಲ್ಲವೇ ಎಂದೆ. ಓದಿದ್ದನ್ನೆಲ್ಲ ಸೇರಿಸಿ ಇನ್ನೂ ಏನೇನೋ ಹೇಳಿರಬೇಕು.

ಅವರು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. "ಲಂಚ ತಗಂಡು ನಾ ಎಂತ ಮಾಡಿಕೊಟ್ಟೆ ಸಾರ್? ಹೆಣ್ಣನ್ನ ಗಂಡು ಮಾಡಿಕೊಟ್ನಾ?"

ನಾನು ನಕ್ಕೆ. ಅವರು ನಗಲಿಲ್ಲ. ಸಂಚಿ ಕಟ್ಟುತ್ತ ಹೇಳಿದರು: "ನನ್ನ ಸಂಬಳ ನೀವೇ ಬರೀತೀರಲ್ಲ. ಸೇರೋ ದಿನ ಡಾಕ್ಟ್ರು ಹೇಳಿದ್ದೆಂತ ಗೊತ್ತಾ? 'ಸಂಬಳ ಕಮ್ಮಿ ಆಯಮ್ಮ, ಆದ್ರೆ ಮೇಲೆ ಸಿಗ್ತದೆ' ಅಂತ. ಅವರು ಕೊಡಬೇಕಾದ್ದನ್ನ ಜನದ ಹತ್ರ ಇಸ್ಕ ಅಂತ ಹೇಳಿದ್ದು. ಅದಕ್ಕೆ ನಿಮ್ಮ ಪುಸ್ತಕದಲ್ಲಿ ಎಂತ ಹೆಸರು?"

ಪುಸ್ತಕದಲ್ಲಿ ಅದಕ್ಕೆ ಹೆಸರಿರಲಿಲ್ಲ. ಹೆಣ್ಣು ಮಕ್ಕಳ ದುಡ್ಡಿನ ಬಗ್ಗೆ ನಾನು ಕೇಳಿದ್ದಕ್ಕೆ ಇದು ಉತ್ತರವೂ ಆಗಿರಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ.

ಸೀತೂರಿನ ಕಡೆಯಿಂದ ಒಬ್ಬ ಬಂದಿದ್ದ. ಕೂಲಿ ಮಾಡುವವನು, ತೆಳ್ಳಗೆ, ಮಾತು ಕಮ್ಮಿ. ಹೆಂಡತಿಗೆ ಮೂರನೆಯ ಹೆರಿಗೆ. ಮೊದಲಿನ ಎರಡೂ ಹೆಣ್ಣು. ಇದೂ ಹೆಣ್ಣು. ಆಯಮ್ಮ ಹೊಸ್ತಿಲಲ್ಲಿ ಸೆರಗೊಡ್ಡಿ ನಿಂತರು. ಅವನು ಜೇಬು ಮುಟ್ಟಿಕೊಂಡು ನೆಲ ನೋಡಿದ. ಅವನ ಜೊತೆ ಬೇರೆ ಯಾರೂ ಇರಲಿಲ್ಲ. ಬಹಳ ಹೊತ್ತು ಅವರಿಬ್ಬರೂ ಹಾಗೇ ನಿಂತಿದ್ದರು. ಕೊನೆಗೆ ಅವನು ಮಡಿಚಿದ ನೋಟೊಂದನ್ನು ತೆಗೆದು ಸೆರಗಿಗೆ ಎಸೆದ. ಹಾಕಲಿಲ್ಲ, ಎಸೆದ. ಮಗುವನ್ನು ತೆಗೆದುಕೊಂಡ, ಆದರೆ ನೋಡಲಿಲ್ಲ. ಕಿಗ್ಗದ ಅಜ್ಜಿಯ ಮುಖದಲ್ಲಿ ನಾನು ಕಂಡದ್ದು ಅವನ ಮುಖದಲ್ಲಿ ಕಾಣಲಿಲ್ಲ. ಅವನು ಎಸೆದದ್ದು ಬಸ್ಸಿಗೆ ಇಟ್ಟುಕೊಂಡಿದ್ದ ದುಡ್ಡು ಎಂದು ಆಮೇಲೆ ತಿಳಿಯಿತು.

ಮಾರನೆಯ ದಿನ ಬೆಳಿಗ್ಗೆ ಅವನು ನೇರವಾಗಿ ಡಾಕ್ಟರ ಕೋಣೆಗೇ ಹೋದ. "ಮಗು ಕೈಗೆ ಕೊಡೋಕೆ ದುಡ್ಡು ಕೇಳ್ತಾರೆ. ಇದು ಆಸ್ಪತ್ರೆನಾ, ಗಿರವಿ ಅಂಗಡಿನಾ?" ಎಂದು ಅವನು ಕೂಗಿದ್ದು ನನ್ನ ಮೇಜಿಗೆ ಕೇಳಿತು. ಮಾತು ಕಮ್ಮಿಯವನು ಅಷ್ಟು ಚೆನ್ನಾಗಿ ಮಾತಾಡಿದ್ದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇಂದಿಗೂ ನಾನು ಎಡವುವುದು ಅಲ್ಲೇ.

ಡಾಕ್ಟರು ಆಯಮ್ಮನನ್ನು ಕರೆಸಿದರು. ಬಿಲ್ಲಿನ ಪುಸ್ತಕ ಹಿಡಿದುಕೊಂಡು ನಾನೂ ಹೋದೆ. ಡಾಕ್ಟರು ಕೆಟ್ಟವರಲ್ಲ. ಧ್ವನಿ ಏರಿಸಲಿಲ್ಲ. "ನೀವಾಗಿ ಕೇಳಿದ್ರಾ ಆಯಮ್ಮ, ಅವರಾಗಿ ಕೊಟ್ರಾ?"

"ನಾನೇ ಕೇಳ್ದೆ."

"ಇವರ ಹತ್ರ ದುಡ್ಡಿಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಹೀಗೆ ಉತ್ತರ ಕೊಟ್ಟರೆ ಯಾರು ಕಾಪಾಡುತ್ತಾರೆ? ನನಗೆ ತಡೆಯಲಾಗಲಿಲ್ಲ. ಸರ್, ಇವರು ಗಂಡು ಮಕ್ಕಳಿಗೆ ತೆಗೆದುಕೊಳ್ಳುವುದಿಲ್ಲ, ಹೆಣ್ಣು ಹುಟ್ಟಿದರೂ ಜನ ಸಂತೋಷಪಡಬೇಕು, ಕೊಟ್ಟು ಬರಮಾಡಿಕೊಳ್ಳಬೇಕು ಅಂತ ಇವರ ಉದ್ದೇಶ ಎಂದು ನನ್ನ ಸಿದ್ಧಾಂತವನ್ನು ಪೂರ್ತಿ ಹೇಳಿದೆ. ಹೇಳುವಾಗ ಅದು ನನಗೆ ಬಹಳ ಚೆನ್ನಾಗಿ ಕೇಳಿಸಿತು.

ಸೀತೂರಿನವನು ನನ್ನ ಕಡೆ ತಿರುಗಿದ. "ಹಂಗಾದ್ರೆ ಗಂಡಾಗಿದ್ರೆ ಬಿಡ್ತಿದ್ರಾ? ಹೆಣ್ಣು ಹುಟ್ಟಿದ್ದಕ್ಕೆ ದಂಡನಾ ಇದು?"

ಆಯಮ್ಮ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಯಾವುದೋ ಪಾತ್ರೆ ಬೀಳಿಸಿದ ಮಗುವನ್ನು ನೋಡುವ ಹಾಗೆ. ಆಮೇಲೆ ಡಾಕ್ಟರಿಗೆ ಹೇಳಿದರು: "ಹಂಗೆಲ್ಲ ಎಂತದೂ ಇಲ್ಲ ಡಾಕ್ಟ್ರೆ. ಇವರಿಗೆ ಓದಿದ್ದು ಜಾಸ್ತಿ ಆಗ್ಯದೆ. ದುಡ್ಡು ಬೇಕಿತ್ತು, ತಗಂಡೆ."

ಈ ಮಾತನ್ನು ನಾನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಅದು ನಿಜವಾಗಿದ್ದರೆ ಕಾಂಪೌಂಡರು ಸರಿ, ಮಾತು ಮುಗಿಯಿತು. ನಿಜವಲ್ಲದಿದ್ದರೆ, ತಾವು ಮಾಡುತ್ತಿದ್ದುದು ಬಾಯಿಬಿಟ್ಟು ಹೇಳಿದ ಕೂಡಲೇ ದಂಡವೋ ದಾನವೋ ಆಗಿ ಕೆಟ್ಟುಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಎರಡರಲ್ಲಿ ಯಾವುದು ಎಂದು ನನಗೆ ತಿಳಿದಿಲ್ಲ. ಇನ್ನು ತಿಳಿಯುವುದೂ ಇಲ್ಲ. ನನ್ನ ಮಾತಿನಿಂದ ಅವರ ಕೆಲಸ ಕೆಟ್ಟಿತು ಎಂದುಕೊಳ್ಳುವಷ್ಟು ದೊಡ್ಡವನೂ ನಾನಲ್ಲ. ಡಾಕ್ಟರು ಮೊದಲೇ ನಿರ್ಧಾರ ಮಾಡಿಕೊಂಡಿದ್ದರು.

ಸೀತೂರಿನವನ ದುಡ್ಡನ್ನು ಡಾಕ್ಟರು ತಮ್ಮ ಜೇಬಿನಿಂದ ವಾಪಸು ಕೊಟ್ಟರು. ಆಯಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಹೆರಿಗೆ ಕೋಣೆಯಿಂದ ತೆಗೆದು ಹಿತ್ತಲಿಗೆ ಹಾಕಿದರು, ರಕ್ತದ ಬಟ್ಟೆ, ಹಾಸಿಗೆ ಬಟ್ಟೆ ಒಗೆಯುವುದಕ್ಕೆ. ಹೆರಿಗೆ ಕೋಣೆಯ ಬಾಗಿಲ ಮೇಲೆ ಒಂದು ಬೋರ್ಡು ಬಂತು: 'ಸಿಬ್ಬಂದಿಗೆ ಹಣ ಕೊಡಬಾರದು.' ಸಂಬಳ ಮಾತ್ರ ಮೊದಲಿನಷ್ಟೇ ಇತ್ತು. ತಿಂಗಳ ಕೊನೆಗೆ ಅದನ್ನು ಬರೆಯುತ್ತಿದ್ದವನು ನಾನೇ.

ಬೋರ್ಡಿನಿಂದ ಏನಾಯಿತು ಎಂದರೆ, ಗಂಡು ಹುಟ್ಟಿದವರು ಅದರ ಕೆಳಗೇ ನಿಂತು ಚಿಕ್ಕ ಆಯಾಳ ಕೈಗೆ ನೋಟು ತುರುಕಿದರು. "ಅಯ್ಯೋ, ಬೋರ್ಡ್ ನೋಡ್ಲಿಲ್ವಾ?" ಎಂದು ಅವಳು ನಗುತ್ತಿದ್ದಳು. "ಬೋರ್ಡಿಗೆ ಕೊಡ್ತಿಲ್ಲ ತಗಳವ್ವ" ಎಂದು ಅವರೂ ನಗುತ್ತಿದ್ದರು. ಹೆಣ್ಣು ಹುಟ್ಟಿದವರು ಮಾತ್ರ ಬೋರ್ಡನ್ನು ನಿಧಾನವಾಗಿ ಓದುತ್ತಿದ್ದರು. ಓದಿ, ಮಗುವನ್ನು ತೆಗೆದುಕೊಂಡು, ಬೆಂಚಿನ ಮೇಲೆ ಕೂರುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿ ನಿಂತುಹೋದದ್ದು ಹೆಣ್ಣು ಮಕ್ಕಳ ದುಡ್ಡು ಒಂದೇ. ಇಷ್ಟು ಅಚ್ಚುಕಟ್ಟಾಗಿ ಜಾರಿಗೆ ಬಂದ ನಿಯಮವನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ.

ಊಟದ ಹೊತ್ತಿಗೆ ನಾನು ಹಿತ್ತಲಿಗೆ ಹೋದರೆ ಆಯಮ್ಮ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಲೇ ಕೇಳುತ್ತಿದ್ದರು. "ಎಂತ ಆಯ್ತು ಒಳಗೆ?"

"ಹೆಣ್ಣು."

"ಕೊಟ್ರಾ?"

"ಇಲ್ಲ."

ಅಷ್ಟೆ. ಬಟ್ಟೆ ಹಿಂಡುತ್ತಿದ್ದರು. ಎಷ್ಟು ದಿನ ಹೀಗೆ ಕೇಳಿದರು, ಯಾವಾಗ ಕೇಳುವುದನ್ನು ಬಿಟ್ಟರು, ನೆನಪಿಲ್ಲ. ಸೋಡಾ ಪುಡಿಗೆ ಬೆರಳ ಸಂದು ಬಿರಿದು ಸೆರಗನ್ನು ಹಿಡಿಯಲೂ ಆಗುತ್ತಿರಲಿಲ್ಲ ಎಂಬುದು ನೆನಪಿದೆ.

ಅವರ ದೊಡ್ಡ ಮಗನ ಹೆಂಡತಿಯನ್ನು ಹೆರಿಗೆಗೆ ನಮ್ಮಲ್ಲಿಗೇ ಸೇರಿಸಿದರು. ಡಾಕ್ಟರು ಬಿಲ್ಲಿನಲ್ಲಿ ಅರ್ಧ ಬಿಟ್ಟರು. ಅವತ್ತು ಬೆಳಿಗ್ಗೆ ಒಂದು ಗಂಡು ಹುಟ್ಟಿತ್ತು. ಚಿಕ್ಕ ಆಯಾ ನೋಟನ್ನು ರವಿಕೆಯೊಳಗೆ ಸೇರಿಸಿಕೊಂಡದ್ದನ್ನು ನಾನು ನೋಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಆಯಮ್ಮನ ಸೊಸೆಗೆ ಹೆರಿಗೆಯಾಯಿತು. ಚಿಕ್ಕ ಆಯಾ ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಕೈ ಚಾಚಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

ಆಯಮ್ಮ ಹಿತ್ತಲಿಂದ ಒದ್ದೆ ಕಾಲಿನಲ್ಲೇ ಬಂದರು. ಕೈಯನ್ನು ಸೀರೆಗೆ ಒರೆಸಿಕೊಂಡು, ಸೊಂಟದ ಸಂಚಿ ಬಿಚ್ಚಿ, ಅಡಿಕೆ ಹೋಳುಗಳ ಕೆಳಗಿಂದ ಮಡಿಚಿಟ್ಟ ನೂರರ ನೋಟನ್ನು ತೆಗೆದರು. ಮೊದಲೇ ಇಟ್ಟುಕೊಂಡಿದ್ದ ನೋಟು.

"ತಗ."

"ಎಂತಕ್ಕೆ ಆಯಮ್ಮ? ನಮ್ಮ ನಮ್ಮಲ್ಲಿ ಎಂತದು? ಬೋರ್ಡ್ ಬೇರೆ ಇದೆ."

"ಬೋರ್ಡಿಗೆ ಬೆಂಕಿ ಹಾಕ. ಮಗಳು ಬಂದಾಳೆ. ಸೆರಗು ಹಿಡಿ, ತಗ."

"ಬ್ಯಾಡ ಬಿಡು."

"ತಗ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ." ಆ ಒರಟು ಗಂಟಲಿನಲ್ಲಿ ಅಂಥ ದನಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಚಿಕ್ಕ ಆಯಾಳ ಕಣ್ಣಲ್ಲಿ ನೀರು ಬಂತು. ಅವಳು ನಿಜವಾಗಿಯೂ ಆಯಮ್ಮನನ್ನು ಪ್ರೀತಿಸುತ್ತಿದ್ದಳು. ಇದರಲ್ಲಿ ನನಗೆ ಅನುಮಾನವಿಲ್ಲ. ಮುಂದೆ ಬಾಗಿ, ಎಷ್ಟು ಮೃದುವಾಗಿ ಹೇಳಬಹುದೋ ಅಷ್ಟು ಮೃದುವಾಗಿ ಹೇಳಿದಳು. "ನಿನ್ನ ಹತ್ರ ತಗಳ್ತೀನಾ ಆಯಮ್ಮ? ಇಟ್ಕ. ಪಾಪ, ಹೆಣ್ಣಲ್ವಾ." ಮಗುವನ್ನು ಅವರ ತೋಳಿಗೆ ಇಟ್ಟು ಒಳಗೆ ಹೋದಳು.

ಇದನ್ನಾದರೂ ನಾನು ತಪ್ಪಾಗಿ ನೆನಪಿಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಆಯಮ್ಮ ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದು ಕೈಯಲ್ಲಿ ನೋಟನ್ನೂ ಹಿಡಿದುಕೊಂಡು ಬೋರ್ಡಿನ ಕೆಳಗೆ ನಿಂತಿದ್ದರು. ಕೊಡಲು ಯಾರಾದರೂ ಸಿಗುತ್ತಾರೇನೋ ಎಂಬಂತೆ ವರಾಂಡವನ್ನೆಲ್ಲ ನೋಡಿದರು. ನನ್ನನ್ನೂ ನೋಡಿದರು. ನನ್ನ ಮೇಜಿನ ಪಕ್ಕದಲ್ಲಿ ಅವರ ಮಗ ಫೋನಿಗೆ ರೂಪಾಯಿ ಹಾಕಿ ಊರಿಗೆ ಹೇಳುತ್ತಿದ್ದ.

"ಹೂಂ. ತಾಯಿ ಮಗು ಇಬ್ರೂ ಹುಷಾರು."